ಗುಂಡಿನ ಪಥವೂ ವಿಮರ್ಶಕರ ಅಂಕವೂ

ಕೋವಿಯ ನಳಿಗೆಯಿಂದ ಸೆಕೆಂಡಿಗೆ ೮೦೦ ಮೀಟರ್ ವೇಗದಲ್ಲಿ ಹೊರಟ ಗುಂಡೊಂದು ೪೦೦ ಮೀಟರ್ ದೂರ ಸಾಗುವಷ್ಟರಲ್ಲಿ ಎಷ್ಟು ಕೆಳಗೆ ಇಳಿದಿರುತ್ತದೆ? ಭೌತವಿಜ್ಞಾನದ ಪ್ರಶ್ನಪತ್ರಿಕೆಯಲ್ಲಿ ಇಂತಹ ಪ್ರಶ್ನೆಯನ್ನು ಕಂಡು ಹುಬ್ಬು ಗಂಟಿಕ್ಕುವ ವಿದ್ಯಾರ್ಥಿಗಳು ಅನೇಕರಿದ್ದಾರೆ. ಅದೇ ಪ್ರಶ್ನೆಯನ್ನು ಸಂಜೆಯ ವಿರಾಮದಲ್ಲಿ, ಯಾರ ಒತ್ತಾಯವೂ ಇಲ್ಲದೆ, ಒಂದೇ ಕುಳಿತದಲ್ಲಿ ಹತ್ತಾರು ಸಲ ಬಿಡಿಸುವ ತರುಣರೂ ಇದ್ದಾರೆ. ಅವರ ಕೈಯಲ್ಲಿ ಲೇಖನಿಯಿರುವುದಿಲ್ಲ. ವಿಡಿಯೊ ಆಟದ ಗುಂಡಿಗಳಿರುತ್ತವೆ. ಲೆಕ್ಕ ತಪ್ಪಿದರೆ ಅಂಕ ಹೋಗುವುದಿಲ್ಲ. ಗುರಿ ತಪ್ಪುತ್ತದೆ, ಶತ್ರು ಎಚ್ಚರಗೊಳ್ಳುತ್ತಾನೆ, ಆಟ ಮೊದಲಿನಿಂದ ಆರಂಭವಾಗುತ್ತದೆ.

ಇಂತಹ ಆಟಗಳಲ್ಲಿ ಹೆಸರಾದುದು ‘ಸ್ನೈಪರ್ ಎಲೀಟ್’ ಎಂಬ ಮಾಲಿಕೆ. ಅದರಲ್ಲಿ ೨೦೧೭ರ ಫೆಬ್ರವರಿ ೧೪ರಂದು ಹೊರಬಂದ ‘ಸ್ನೈಪರ್ ಎಲೀಟ್ ೪’ಕ್ಕೆ ವಿಮರ್ಶಕರು ಕೊಟ್ಟ ಅಂಕಗಳ ಸರಾಸರಿ ನೂರಕ್ಕೆ ಎಪ್ಪತ್ತೇಳರ ಆಸುಪಾಸಿನಲ್ಲಿ ನಿಂತಿತು. ಈ ಸಂಖ್ಯೆ ಏನನ್ನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದನ್ನು ವಿಚಾರಿಸಹೊರಟರೆ ದಾರಿಯಲ್ಲಿ ಚಲನವಿಜ್ಞಾನ, ಶಬ್ದವಿಜ್ಞಾನ, ಸಂಖ್ಯಾಶಾಸ್ತ್ರ ಈ ಮೂರೂ ಎದುರಾಗುವುವು. ವಿಜ್ಞಾನದ ಪತ್ರಿಕೆಯಲ್ಲಿ ಆಟವೊಂದರ ಮಾತೇಕೆ ಎಂದು ಕೇಳುವ ವಾಚಕರಿಗೆ ಇಷ್ಟೇ ಸಮಾಧಾನ.

ಮೊದಲು ಆಟದ ಪರಿಚಯವಾಗಲಿ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜೇಸನ್ ಕಿಂಗ್ಸ್ಲಿ ಮತ್ತು ಕ್ರಿಸ್ ಕಿಂಗ್ಸ್ಲಿ ಎಂಬ ಸಹೋದರರು ೧೯೯೨ರಲ್ಲಿ ಸ್ಥಾಪಿಸಿದ ರೆಬೆಲಿಯನ್ ಎಂಬ ಸಂಸ್ಥೆ ಇದರ ನಿರ್ಮಾಪಕ. ಮಾಲಿಕೆಯ ಮೊದಲನೆಯ ಆಟ ೨೦೦೫ರಲ್ಲಿ ಬಂದಿತು. ಎರಡನೆಯ ಮಹಾಯುದ್ಧದ ಕೊನೆಯ ದಿನಗಳ ಬರ್ಲಿನ್ ಅದರ ರಂಗಭೂಮಿ. ೨೦೧೨ರ ‘ಸ್ನೈಪರ್ ಎಲೀಟ್ ವಿ೨’ ಅದೇ ಬರ್ಲಿನ್ನಿಗೆ ಮರಳಿತು. ಹೆಸರಿನಲ್ಲಿರುವ ‘ವಿ೨’ ಎರಡನೆಯ ಭಾಗವೆಂಬ ಸೂಚನೆಯೂ ಹೌದು, ಜರ್ಮನರ ವಿ-೨ ರಾಕೆಟ್ಟಿನ ಹೆಸರೂ ಹೌದು. ೨೦೧೪ರ ಮೂರನೆಯದು ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ನಡೆಯುತ್ತದೆ. ನಾಲ್ಕನೆಯದು ೧೯೪೩ರ ಇಟಲಿಯಲ್ಲಿ. ನಾಯಕ ಎಲ್ಲದರಲ್ಲಿಯೂ ಒಬ್ಬನೇ: ಕಾರ್ಲ್ ಫೇರ್‌ಬರ್ನ್ ಎಂಬ ಅಮೆರಿಕದ ಗೂಢಚಾರ. ಅವನು ಸೈನ್ಯದ ನಡುವೆ ನುಗ್ಗುವ ವೀರನಲ್ಲ. ಪೊದೆಯಲ್ಲಿ ಅಡಗಿ, ದೂರದಿಂದ ಒಂದೇ ಗುಂಡು ಹಾರಿಸಿ, ಸದ್ದಿಲ್ಲದೆ ಜಾಗ ಬದಲಿಸುವವನು. ‘ಸ್ನೈಪರ್’ ಎಂಬ ಮಾತಿಗೂ ನಮ್ಮ ದೇಶಕ್ಕೂ ಸಂಬಂಧವುಂಟು. ಕೆಸರುಗದ್ದೆಗಳಲ್ಲಿ ಮೇಯುವ, ತಟಕ್ಕನೆ ಅಡ್ಡಾದಿಡ್ಡಿಯಾಗಿ ಹಾರುವ ಸ್ನೈಪ್ ಎಂಬ ಹಕ್ಕಿಯನ್ನು ಬೇಟೆಯಾಡುತ್ತಿದ್ದ ಆಂಗ್ಲ ಸೈನಿಕಾಧಿಕಾರಿಗಳ ಮಾತಿನಿಂದ, ೧೮ನೆಯ ಶತಮಾನದ ಭಾರತದಲ್ಲಿ, ಈ ಪದ ಹುಟ್ಟಿತೆಂದು ಹೇಳುವುದುಂಟು.

ಉತ್ತರಭಾಗವೊಂದು ಬಂದಾಗ ವಿಮರ್ಶಕನ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ, ಹಿಂದಿನದರ ದೋಷ ತಿದ್ದಿದೆಯೇ ಎಂಬುದು. ಈ ಮಾಲಿಕೆಯ ಇತಿಹಾಸವನ್ನು ಆ ಪ್ರಶ್ನೆಯ ಉತ್ತರಗಳ ಸರಣಿಯೆಂದೇ ಓದಬಹುದು. ‘ವಿ೨’ಕ್ಕೆ ದೊರೆತ ಅಂಕ ಅರವತ್ತೈದರಿಂದ ಎಪ್ಪತ್ತರೊಳಗೆ. ಗುರಿಯಿಟ್ಟು ಹೊಡೆಯುವ ಕ್ರಿಯೆಯನ್ನು ವಿಮರ್ಶಕರು ಮೆಚ್ಚಿದರು. ಆದರೆ ದಾರಿ ಒಂದೇ, ಓಣಿಯೊಳಗೆ ನಡೆದಂತೆ, ನಿರ್ಮಾಪಕರು ತೋರಿಸಿದ ಕಿಟಕಿಯಿಂದಲೇ ಗುಂಡು ಹಾರಿಸಬೇಕು ಎಂದು ಬೇಸರಪಟ್ಟರು. ಶತ್ರುಸೈನಿಕರ ಬುದ್ಧಿ ಮಂದವೆಂಬ ದೂರೂ ಇದ್ದಿತು. ಮೂರನೆಯ ಆಟದಲ್ಲಿ ಮರಳುಗಾಡಿನ ಬಯಲುಗಳು ತೆರೆದುಕೊಂಡವು. ಓಣಿ ಹೋಗಿ ಮೈದಾನ ಬಂದಿತು. ನಾಲ್ಕನೆಯದರಲ್ಲಿ ಎಂಟು ಅಧ್ಯಾಯಗಳು. ಒಂದೊಂದೂ ಒಂದು ದ್ವೀಪ, ಒಂದು ಕಣಿವೆ, ಒಂದು ಬಂದರು, ಒಂದು ಬೆಟ್ಟದ ಮೇಲಣ ಮಠ. ಎಲ್ಲಿಂದ ಹೊಗಬೇಕು, ಯಾವ ಕೆಲಸವನ್ನು ಮೊದಲು ಮಾಡಬೇಕು, ಹೊಡೆಯಬೇಕೋ ತಪ್ಪಿಸಿಕೊಂಡು ಹೋಗಬೇಕೋ ಎಂಬುದು ಆಟಗಾರನ ವಿವೇಚನೆಗೆ ಬಿಟ್ಟದ್ದು. ಗೋಡೆ ಹತ್ತುವ, ಅಂಚು ಹಿಡಿದು ಜೋತಾಡುವ ಶಕ್ತಿಯೂ ನಾಯಕನಿಗೆ ದೊರೆತುದರಿಂದ ಸ್ಥಳದ ಮೂರನೆಯ ಆಯಾಮ ನಿಜವಾಗಿ ಉಪಯೋಗಕ್ಕೆ ಬಂದಿತು. ವಿಮರ್ಶಕರಲ್ಲಿ ಬಹುಮಂದಿ ಹೆಚ್ಚು ಹೊಗಳಿದುದು ಈ ವಿಸ್ತಾರವನ್ನು ಮತ್ತು ಸ್ವಾತಂತ್ರ್ಯವನ್ನು.

ಗುಂಡಿನ ಲೆಕ್ಕಕ್ಕೆ ಬರೋಣ. ಗಾಳಿಯ ತಡೆಯನ್ನು ಮರೆತರೆ ಉತ್ತರ ಸುಲಭ. ೪೦೦ ಮೀಟರನ್ನು ಸೆಕೆಂಡಿಗೆ ೮೦೦ ಮೀಟರಿನಂತೆ ದಾಟಲು ಅರ್ಧ ಸೆಕೆಂಡು ಬೇಕು. ಕೈಯಿಂದ ಜಾರಿದ ಕಲ್ಲು ಅರ್ಧ ಸೆಕೆಂಡಿನಲ್ಲಿ ಎಷ್ಟು ಬೀಳುವುದೋ, ಅಡ್ಡವಾಗಿ ಹಾರುವ ಗುಂಡೂ ಅಷ್ಟೇ ಬೀಳುತ್ತದೆ: ೧.೨ ಮೀಟರಿಗಿಂತ ತುಸು ಹೆಚ್ಚು. ದೂರವನ್ನು ಇಮ್ಮಡಿ ಮಾಡಿ ೮೦೦ ಮೀಟರೆಂದುಕೊಳ್ಳಿರಿ. ಕಾಲ ಒಂದು ಸೆಕೆಂಡಾಗುತ್ತದೆ, ಬೀಳುವ ದೂರ ಮಾತ್ರ ಇಮ್ಮಡಿಯಾಗದೆ ನಾಲ್ಮಡಿಯಾಗಿ ೪.೯ ಮೀಟರಿಗೆ ಏರುತ್ತದೆ. ಒಂದಂತಸ್ತಿನ ಮನೆಯ ಎತ್ತರಕ್ಕಿಂತಲೂ ಹೆಚ್ಚು! ಇದು ನಿರ್ವಾತದ ಮಾತು. ಗಾಳಿಯಲ್ಲಿ ಪರಿಸ್ಥಿತಿ ಇನ್ನೂ ಕಠಿಣ. ನಾಲ್ಕನೆಯ ಆಟದಲ್ಲಿ ನಾಯಕನ ಕೈಗೆ ಮೊದಲು ಬರುವುದು ೧೯೦೩ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ಕೋವಿ. ಅದರ ಗುಂಡು ಹೊರಡುವಾಗ ಸೆಕೆಂಡಿಗೆ ಸುಮಾರು ೮೫೦ ಮೀಟರ್ ವೇಗವಿದ್ದರೂ ೮೦೦ ಮೀಟರ್ ಮುಟ್ಟುವಷ್ಟರಲ್ಲಿ ಅದು ಸುಮಾರು ಅರ್ಧ ವೇಗವನ್ನು ಕಳೆದುಕೊಂಡಿರುತ್ತದೆ. ವೇಗ ತಗ್ಗಿದಷ್ಟೂ ಹಾರಾಟದ ಕಾಲ ಹೆಚ್ಚು, ಕಾಲ ಹೆಚ್ಚಿದಷ್ಟೂ ಬೀಳುವುದು ಹೆಚ್ಚು. ಅಡ್ಡಗಾಳಿ ಬೀಸುತ್ತಿದ್ದರೆ ಪಕ್ಕಕ್ಕೂ ಸರಿಯುತ್ತದೆ. ಆಟದ ಸುಲಭ ಮಟ್ಟದಲ್ಲಿ ಈ ತೊಡಕುಗಳನ್ನು ತೆಗೆದುಹಾಕಿರುತ್ತಾರೆ; ಮಟ್ಟ ಏರಿದಂತೆಲ್ಲ ಗುರುತ್ವವೂ ಗಾಳಿಯೂ ಒಂದೊಂದಾಗಿ ಮರಳುತ್ತವೆ. ಆಗ ಆಟಗಾರನು ಶತ್ರುವಿನ ಕಡೆಗೆ ನೋಡುತ್ತ ಅವನ ತಲೆಯ ಮೇಲಿನ ಬರಿಯ ಆಕಾಶಕ್ಕೆ ಗುರಿಯಿಡಬೇಕು. ಇದರಲ್ಲಿ ಒಂದು ವಿಚಿತ್ರವಾದ ಸೊಗಸಿದೆಯೆಂಬುದನ್ನು ಒಪ್ಪಲೇಬೇಕು.

ಉಸಿರಿನ ವಿಚಾರವೂ ಹಾಗೆಯೇ. ಓಡಿಬಂದ ನಾಯಕನ ಎದೆಬಡಿತ ಏರಿರುತ್ತದೆ. ಅದು ಇಳಿಯುವವರೆಗೆ ಅವನು ಉಸಿರು ಬಿಟ್ಟು ತಡೆಹಿಡಿಯಲಾರ, ದೂರದರ್ಶಕದ ಗುರಿಗೆರೆ ತೂಗಾಡುತ್ತದೆ. ಇದು ಕೇವಲ ಆಟದ ಅಲಂಕಾರವಲ್ಲ. ಒಂದು ಮೀಟರ್ ಉದ್ದದ ಕೋವಿಯ ತುದಿ ಒಂದು ಮಿಲಿಮೀಟರ್ ಸರಿದರೆ ಕೋನ ಸಾವಿರಕ್ಕೊಂದರಷ್ಟು ಬದಲಾಗುತ್ತದೆ. ೪೦೦ ಮೀಟರಿನಾಚೆ ಅದು ೪೦ ಸೆಂಟಿಮೀಟರಿನ ತಪ್ಪು. ಎದೆಯ ಏರಿಳಿತದಿಂದ ಕೋವಿ ಎಷ್ಟು ಮಿಲಿಮೀಟರ್ ಅಲುಗೀತೆಂದು ಯಾರಾದರೂ ಕುಳಿತಲ್ಲೇ ಪರೀಕ್ಷಿಸಬಹುದು. ಕೋವಿಗೆ ಬದಲು ಒಂದು ಕೋಲು ಸಾಕು.

ಗುಂಡಿಗಿಂತಲೂ ಗುಂಡಿನ ಸದ್ದು ಹೆಚ್ಚು ಸ್ವಾರಸ್ಯವಾದ ವಿಷಯ. ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರ್. ೮೦೦ ಮೀಟರ್ ದೂರದಲ್ಲಿರುವವನಿಗೆ ಕೋವಿಯ ಸ್ಫೋಟ ಕೇಳಲು ಎರಡು ಸೆಕೆಂಡಿಗೂ ಮಿಗಿಲು ಬೇಕು; ಗುಂಡು ಅದಕ್ಕೆ ಬಹು ಮುಂಚೆಯೇ ಬಂದು ಮುಟ್ಟಿರುತ್ತದೆ. ಅಷ್ಟೇ ಅಲ್ಲ, ಶಬ್ದಕ್ಕಿಂತ ವೇಗವಾಗಿ ಸಾಗುವ ವಸ್ತು ತನ್ನ ಹಿಂದೆ, ದೋಣಿ ನೀರಿನಲ್ಲಿ ಎಳೆಯುವ ಅಲೆಗೆರೆಯಂತೆ, ಶಂಕುವಿನಾಕಾರದ ಆಘಾತತರಂಗವೊಂದನ್ನು ಎಳೆದುಕೊಂಡು ಹೋಗುತ್ತದೆ. ಇದನ್ನು ಛಾಯಾಚಿತ್ರದಲ್ಲಿ ಹಿಡಿದು ೧೮೮೭ರಲ್ಲಿ ಪ್ರಕಟಿಸಿದವರು ಅರ್ನ್ಸ್ಟ್ ಮಾಖ್ ಮತ್ತು ಪೀಟರ್ ಸಾಲ್ಖರ್. ಜೆಟ್ ವಿಮಾನಗಳ ವೇಗವನ್ನು ‘ಮಾಖ್’ ಸಂಖ್ಯೆಯಲ್ಲಿ ಹೇಳುವುದು ಆ ಮಾಖನ ಹೆಸರಿನಿಂದಲೇ. ಸೆಕೆಂಡಿಗೆ ೮೦೦ ಮೀಟರ್ ವೇಗದ ಗುಂಡಿನ ಶಂಕು ಅದರ ಪಥದೊಡನೆ ಸುಮಾರು ೨೫ ಅಂಶದ ಕೋನ ಮಾಡುತ್ತದೆ. ಪಕ್ಕದಲ್ಲಿ ನಿಂತವನಿಗೆ ಮೊದಲು ಕೇಳುವುದು ಈ ಶಂಕು ಹಾದುಹೋಗುವ ಚಟಿಲ್ ಎಂಬ ಸದ್ದು. ಅದು ಬರುವುದು ಹಾರಿಸಿದವನ ದಿಕ್ಕಿನಿಂದಲ್ಲ, ಗುಂಡಿನ ಪಥದ ಯಾವುದೋ ನಡುಸ್ಥಳದಿಂದ. ಹೀಗಾಗಿ ಅನುಭವವಿಲ್ಲದ ಸೈನಿಕನು ತಪ್ಪು ಕಡೆಗೆ ತಿರುಗುತ್ತಾನೆ. ಅನುಭವಿ ಹಿಂದೆಯೇ ಬರುವ ‘ಧಪ್’ ಎಂಬ ಎರಡನೆಯ ಸದ್ದಿಗಾಗಿ ಕಾಯುತ್ತಾನೆ. ಎರಡರ ನಡುವಣ ಅಂತರದಿಂದ ದೂರವನ್ನೂ ಅಂದಾಜು ಮಾಡುತ್ತಾನೆ. ಕೋವಿಯ ತುದಿಗೆ ಸಿಕ್ಕಿಸುವ ಶಬ್ದಶಾಮಕವು ಎರಡನೆಯ ಸದ್ದನ್ನು ತಗ್ಗಿಸೀತೇ ಹೊರತು ಮೊದಲನೆಯದನ್ನು ತಗ್ಗಿಸಲಾರದು. ಅದಕ್ಕೆ ಗುಂಡನ್ನೇ ಶಬ್ದವೇಗಕ್ಕಿಂತ ನಿಧಾನಗೊಳಿಸಬೇಕು, ನಿಧಾನಗೊಳಿಸಿದರೆ ಅದು ಮತ್ತಷ್ಟು ಬೀಳುತ್ತದೆ. ಚಲನಚಿತ್ರಗಳಲ್ಲಿ ‘ಪಿಸ್’ ಎಂದು ಹೊರಡುವ ಕೋವಿಗಳನ್ನು ಕಂಡು ನಂಬಿದವರು ಇದನ್ನು ಗಮನಿಸಬೇಕು.

ಆಟದ ಒಳಗಣ ಅತ್ಯಂತ ಜಾಣತನದ ಕಲ್ಪನೆ ಇಲ್ಲಿಯೇ ಇದೆ. ಮೇಲೆ ವಿಮಾನ ಹಾರುವಾಗಲೋ ಕೆಟ್ಟುಹೋದ ವಿದ್ಯುದ್ಯಂತ್ರ ಗುಡುಗುಡಿಸುವಾಗಲೋ ಗುಂಡು ಹಾರಿಸಿದರೆ ಆ ಸದ್ದಿನಲ್ಲಿ ಈ ಸದ್ದು ಮುಳುಗುತ್ತದೆ. ಇಲ್ಲವಾದರೆ ಕೇಳಿದ ಶತ್ರುಗಳು ಹಾರಿಸಿದ ಜಾಗವನ್ನು ಊಹಿಸುತ್ತಾರೆ. ಅದೇ ಜಾಗದಿಂದ ಮತ್ತೆ ಮತ್ತೆ ಹಾರಿಸಿದಷ್ಟೂ ಊಹೆ ನಿಖರವಾಗುತ್ತದೆ. ಆಟಗಾರನು ಜಾಗ ಬಿಟ್ಟು ಓಡಲೇಬೇಕು. ಕಿವಿಯಿಂದ ಕೋವಿಯ ನೆಲೆ ಹುಡುಕುವ ಈ ವಿದ್ಯೆ ನಿಜಜೀವನದಲ್ಲಿ ಬಹು ಎತ್ತರಕ್ಕೇರಿದುದು ಮೊದಲನೆಯ ಮಹಾಯುದ್ಧದಲ್ಲಿ. ಸ್ಫಟಿಕಗಳ ರಚನೆಯನ್ನು ಕ್ಷಕಿರಣಗಳಿಂದ ಕಂಡುಹಿಡಿದುದಕ್ಕಾಗಿ ೧೯೧೫ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ತಂದೆಯೊಡನೆ ನೊಬೆಲ್ ಬಹುಮಾನ ಪಡೆದ ವಿಲಿಯಂ ಲಾರೆನ್ಸ್ ಬ್ರ್ಯಾಗ್ ಆಗ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮೈಕ್ರೊಫೋನುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ಫಿರಂಗಿಯ ಸದ್ದು ತಲಪುವ ಕಾಲದ ವ್ಯತ್ಯಾಸದಿಂದ ಫಿರಂಗಿಯ ನೆಲೆಯನ್ನು ಗುರುತಿಸುವ ಕೆಲಸದಲ್ಲಿದ್ದನು. ಸಾಮಾನ್ಯ ಮೈಕ್ರೊಫೋನುಗಳು ಗುಂಡಿನ ಚಟಿಲಿಗೇ ಮೋಸಹೋಗುತ್ತಿದ್ದವು. ಅವನ ಜೊತೆಗಾರ ವಿಲಿಯಂ ಟಕರ್, ಫಿರಂಗಿಯ ಮಂದ್ರಸ್ವರದ ಗಾಳಿಯಲೆ ಬೀಸಿದಾಗ ಮಾತ್ರ ತಣ್ಣಗಾಗುವ ಕಾಯಿಸಿದ ಪ್ಲಾಟಿನಂ ತಂತಿಯನ್ನು ಬಳಸಿ ಆ ತೊಡಕನ್ನು ಬಿಡಿಸಿದನು. ಒಂದು ಆಟಿಕೆಯ ಹಿಂದೆ ಇಷ್ಟು ಇತಿಹಾಸವಿರುವುದು ಆಟಗಾರನಿಗೆ ತಿಳಿದಿರಬೇಕಾಗಿಲ್ಲ. ಆದರೆ ಸದ್ದಿನ ಈ ಲೆಕ್ಕಾಚಾರವೇ ಆಟಕ್ಕೆ ತಾಳ್ಮೆಯ ಗುಣ ಕೊಟ್ಟಿತು. ಇತರ ಯುದ್ಧದಾಟಗಳ ಗದ್ದಲಕ್ಕೆ ಬೇಸತ್ತ ವಿಮರ್ಶಕರು ಮೆಚ್ಚಿದುದು ಆ ಗುಣವನ್ನೇ.

ಇನ್ನು ವಿಮರ್ಶಕರು ಒಮ್ಮತಕ್ಕೆ ಬಾರದ ಸಂಗತಿ. ಗುಂಡು ಸರಿಯಾಗಿ ತಗುಲುವ ಸಂದರ್ಭದಲ್ಲಿ ಆಟ ಥಟ್ಟನೆ ನಿಧಾನವಾಗುತ್ತದೆ. ನಮ್ಮ ದೃಷ್ಟಿ ಗುಂಡಿನ ಬೆನ್ನು ಹಿಡಿದು ಗಾಳಿಯಲ್ಲಿ ಸಾಗುತ್ತದೆ. ಶತ್ರುವಿನ ದೇಹ ಪಾರದರ್ಶಕವಾಗಿ ಎಲುಬು, ಶ್ವಾಸಕೋಶ, ಹೃದಯಗಳು ಕಾಣುತ್ತವೆ. ಗುಂಡು ಅವುಗಳನ್ನು ಸೀಳಿಕೊಂಡು ಹೋಗುವುದನ್ನು ವಿವರವಾಗಿ ತೋರಿಸುತ್ತಾರೆ. ‘ವಿ೨’ದಲ್ಲಿ ಮೊದಲು ಬಂದ ಈ ‘ಕ್ಷಕಿರಣ ದೃಶ್ಯ’ ನಾಲ್ಕನೆಯ ಆಟದಲ್ಲಿ ಚೂರಿಯ ಇರಿತಕ್ಕೂ ಸಿಡಿಗುಂಡಿನ ಚೂರುಗಳಿಗೂ ಹಬ್ಬಿತು. ಕೆಲವರು ಇದನ್ನು ಒಳ್ಳೆಯ ಗುರಿಗೆ ಸಲ್ಲುವ ಪ್ರಶಸ್ತಿಯೆಂದು ಬಗೆದರು. ಕೆಲವರಿಗೆ ಅದು ಮೊದಲು ರೋಮಾಂಚಕ, ಐವತ್ತನೆಯ ಸಲ ನೀರಸ. ಇನ್ನು ಕೆಲವರಿಗೆ ಆರಂಭದಿಂದಲೇ ಅಸಹ್ಯ. ಬೇಡವಾದವರು ಅದನ್ನು ನಿಲ್ಲಿಸಿಡಬಹುದೆಂಬುದೂ ನಿಜ.

ರುಚಿಯ ಪ್ರಶ್ನೆಯನ್ನು ಅವರವರಿಗೆ ಬಿಟ್ಟು, ಇದು ಎಷ್ಟರಮಟ್ಟಿಗೆ ವಿಜ್ಞಾನ ಎಂದು ಕೇಳಬಹುದು. ಹೆಸರೇ ಸರಿಯಿಲ್ಲ. ೧೮೯೫ರಲ್ಲಿ ರಂಟ್ಗೆನ್ ಕಂಡುಹಿಡಿದ ಕ್ಷಕಿರಣಗಳು ಕೊಡುವುದು ನೆರಳನ್ನು: ಸುಣ್ಣದಂಶ ತುಂಬಿದ ಎಲುಬು ಕಿರಣವನ್ನು ಹೆಚ್ಚಾಗಿ ತಡೆಯುತ್ತದೆ, ಮಾಂಸ ಕಡಮೆ. ಕೆಂಪಗೆ ಮಿಡಿಯುವ ಹೃದಯವನ್ನು ಯಾವ ಕ್ಷಕಿರಣವೂ ತೋರಿಸದು. ಆಟ ತೋರಿಸುವುದು ಅಂಗರಚನಾಶಾಸ್ತ್ರದ ಬಣ್ಣದ ಚಿತ್ರಪಟವನ್ನು. ಗಾಯದ ರೀತಿಯೂ ಅಪೂರ್ಣವೇ. ಆಟದ ಗುಂಡು ಬಡಗಿಯ ಬೈರಿಗೆಯಂತೆ ತನ್ನ ಅಗಲದಷ್ಟೇ ರಂಧ್ರ ಕೊರೆಯುತ್ತ ಹೋಗುವಂತೆ ಕಾಣುತ್ತದೆ. ನಿಜವಾದ ವೇಗದ ಗುಂಡು ದೇಹದೊಳಗಿನ ನೀರಿನಂಶವನ್ನು ಸುತ್ತಲೂ ರಭಸದಿಂದ ತಳ್ಳುವುದರಿಂದ ಗುಂಡಿಗಿಂತ ಎಷ್ಟೋ ಪಾಲು ಅಗಲವಾದ ಪೊಳ್ಳೊಂದು ಕೆಲವು ಮಿಲಿಸೆಕೆಂಡುಗಳ ಮಟ್ಟಿಗೆ ಉಬ್ಬಿ ಕುಸಿಯುತ್ತದೆ. ಗುಂಡು ಮುಟ್ಟದ ಅಂಗವೂ ಆ ಎಳೆತದಿಂದ ಹರಿದುಹೋಗಬಹುದು. ಪ್ರಯೋಗಶಾಲೆಗಳಲ್ಲಿ ಜೆಲಟಿನ್ ಅಚ್ಚುಗಳಿಗೆ ಗುಂಡು ಹಾರಿಸಿ ಇದನ್ನು ಅಭ್ಯಾಸಮಾಡುತ್ತಾರೆ. ಅತಿಶಯ ಕ್ರೌರ್ಯವೆಂದು ವಿಮರ್ಶಕರು ಆಕ್ಷೇಪಿಸಿದ ದೃಶ್ಯವು ನಿಜಕ್ಕಿಂತ ಹೆಚ್ಚು ಅಚ್ಚುಕಟ್ಟಾದುದು! ಅದಕ್ಕಿಂತ ಮುಖ್ಯವಾಗಿ, ಅಲ್ಲಿ ನೋವಿಲ್ಲ. ಗುಂಡು ತಗುಲಿದವನು ಗಂಟೆಗಟ್ಟಲೆ ನರಳುವುದಿಲ್ಲ. ದೃಶ್ಯ ಮುಗಿಯಿತೆಂದರೆ ಅವನೂ ಮುಗಿದ. ನನಗೆ ಇದೇ ಈ ಆಟದ ದೊಡ್ಡ ಸುಳ್ಳೆಂದು ತೋರುತ್ತದೆ. ಎಲುಬಿನ ಬಣ್ಣದಲ್ಲಿರುವ ತಪ್ಪು ಅದರ ಮುಂದೆ ಅಲ್ಪ.

ಹೀಗೆನ್ನುವಾಗ ಆಟದ ಮತ್ತೊಂದು ಅಂಶವನ್ನು ಮರೆಯಬಾರದು. ದುರ್ಬೀನಿನಿಂದ ಶತ್ರುಸೈನಿಕನೊಬ್ಬನನ್ನು ನೋಡಿದಾಗ ಅವನ ಬಾಳಿನ ಒಂದು ತುಣುಕು ಪರದೆಯ ಮೇಲೆ ಮೂಡುತ್ತದೆ: ಊರಿನಲ್ಲಿ ಏನು ಮಾಡುತ್ತಿದ್ದ, ಯಾರನ್ನು ಬಿಟ್ಟುಬಂದ ಎಂಬಂತಹ ಒಂದೇ ವಾಕ್ಯ. ಸತ್ತವರ ಜೇಬಿನಲ್ಲಿ ಮನೆಗೆ ಬರೆದು ಕಳುಹಿಸದೆ ಉಳಿದ ಪತ್ರಗಳು ದೊರೆಯುತ್ತವೆ. ಅದನ್ನು ಓದಿದ ಮೇಲೆಯೂ ಗುಂಡು ಹಾರಿಸಬೇಕೇ ಎಂಬ ನಿರ್ಧಾರ ಆಟಗಾರನದು. ಆದರೆ ಮರುಕ್ಷಣವೇ ಕ್ಷಕಿರಣ ದೃಶ್ಯ ಬಂದು ಅದೇ ಮನುಷ್ಯನ ಎಲುಬನ್ನು ವಿನೋದವಾಗಿ ತೋರಿಸುತ್ತದೆ. ನಿರ್ಮಾಪಕರ ಎರಡು ಕೈಗಳು ಎರಡು ದಿಕ್ಕಿಗೆ ಎಳೆಯುತ್ತಿರುವಂತಿದೆ.

ಕಥೆಯ ವಿಷಯದಲ್ಲಿ ಅಷ್ಟು ಭಿನ್ನಾಭಿಪ್ರಾಯವಿರಲಿಲ್ಲ. ನಾಯಕ ಮರದಂತೆ ಮಾತನಾಡುತ್ತಾನೆ, ಕಥೆ ಸಪ್ಪೆ, ಪಾತ್ರಗಳು ನೆನಪಿನಲ್ಲಿ ಉಳಿಯುವುದಿಲ್ಲ ಎಂಬುದು ಸಾಮಾನ್ಯವಾದ ದೂರು. ಇದು ವಿಷಾದಕರ, ಏಕೆಂದರೆ ಕಥೆಯ ಬೀಜ ಸಪ್ಪೆಯಾದುದಲ್ಲ. ಹಡಗುಗಳನ್ನು ಮುಳುಗಿಸಬಲ್ಲ ರೇಡಿಯೊ ನಿಯಂತ್ರಿತ ಅಸ್ತ್ರವೊಂದು ನಾಜಿಗಳ ಕೈಯಲ್ಲಿದೆ, ಅದನ್ನು ನಾಶಮಾಡಬೇಕು ಎಂಬುದು ಅದರ ತಿರುಳು. ಇಂತಹ ಅಸ್ತ್ರ ನಿಜವಾಗಿಯೂ ಇದ್ದಿತು. ‘ಫ್ರಿಟ್ಸ್ ಎಕ್ಸ್’ ಎಂಬ ಜರ್ಮನ್ ಬಾಂಬನ್ನು ವಿಮಾನದಿಂದ ಬಿಟ್ಟಮೇಲೆ ಮೇಲಿದ್ದ ಸೈನಿಕನು ರೇಡಿಯೊ ಸಂಕೇತಗಳಿಂದ ಅದರ ದಾರಿ ತಿದ್ದುತ್ತಿದ್ದನು. ಇಟಲಿ ಶರಣಾದ ಸುದ್ದಿ ೧೯೪೩ರ ಸೆಪ್ಟೆಂಬರ್ ೮ರಂದು ಪ್ರಕಟವಾಯಿತು. ಮರುದಿನವೇ ಜರ್ಮನರು, ನಿನ್ನೆಯವರೆಗೆ ಮಿತ್ರರಾಗಿದ್ದವರ ‘ರೋಮಾ’ ಎಂಬ ಮಹಾಯುದ್ಧನೌಕೆಯನ್ನು ಈ ಬಾಂಬಿನಿಂದ ಮುಳುಗಿಸಿದರು. ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು.

ಇಟಲಿಯ ಆ ರಣರಂಗಕ್ಕೂ ನಮಗೂ ನಂಟಿದೆ. ಭಾರತದ ಎಂಟನೆಯ ಡಿವಿಜನ್ ೧೯೪೩ರ ಸೆಪ್ಟೆಂಬರಿನಲ್ಲಿ ತರಾಂತೊ ಬಂದರಿನಲ್ಲಿ ಇಳಿಯಿತು. ನಾಲ್ಕನೆಯ ಮತ್ತು ಹತ್ತನೆಯ ಡಿವಿಜನ್‌ಗಳೂ ಮುಂದೆ ಅಲ್ಲಿ ಹೋರಾಡಿದುವು. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಪದಾತಿದಳದ ನಾಯಕ್ ಯಶವಂತ ಘಾಡ್ಗೆ ೧೯೪೪ರ ಜುಲೈ ೧೦ರಂದು ಟೈಬರ್ ನದಿಯ ಮೇಲ್ಕಣಿವೆಯಲ್ಲಿ, ತನ್ನ ತುಕಡಿಯವರೆಲ್ಲ ಬಿದ್ದಮೇಲೆ ಒಬ್ಬನೇ ನುಗ್ಗಿ ಶತ್ರುವಿನ ಮೆಷಿನ್‌ಗನ್ ಠಾಣೆಯನ್ನು ಹಿಡಿದನು. ಅಲ್ಲಿಯೇ ಅಡಗಿದ್ದ ಗುರಿಕಾರನ ಗುಂಡಿಗೆ ಬಲಿಯಾದನು. ವಿಕ್ಟೋರಿಯಾ ಕ್ರಾಸ್ ಅವನಿಗೆ ಮರಣಾನಂತರ ಸಂದಿತು. ಆಟದ ಕಥೆ ಆ ಅಧ್ಯಾಯದವರೆಗೆ ಬರುವುದಿಲ್ಲ. ಬಂದಿದ್ದರೆ, ದುರ್ಬೀನಿನ ಯಾವ ತುದಿಯಲ್ಲಿ ನಾವಿರುತ್ತಿದ್ದೆವೆಂಬುದು ಯೋಚಿಸತಕ್ಕ ಮಾತು.

ಈಗ ಆ ಎಪ್ಪತ್ತೇಳಕ್ಕೆ ಮರಳೋಣ. ಬೇರೆಬೇರೆ ಪತ್ರಿಕೆಗಳ ವಿಮರ್ಶೆಗಳನ್ನು ಒಟ್ಟುಗೂಡಿಸಿ ಒಂದೇ ಅಂಕ ಹೇಳುವ ಕೆಲಸವನ್ನು ೨೦೦೧ರಿಂದ ಮಾಡುತ್ತ ಬಂದಿರುವುದು ಮೆಟಾಕ್ರಿಟಿಕ್ ಎಂಬ ಅಮೆರಿಕದ ಸಂಸ್ಥೆ. ಐದು ನಕ್ಷತ್ರಗಳಿಗೆ ಮೂರು ಕೊಟ್ಟವನ ತೀರ್ಪು ೬೦ ಆಗುತ್ತದೆ. ಅವನು ‘ಚೆನ್ನಾಗಿದೆ’ ಎಂಬ ಅರ್ಥದಲ್ಲಿ ಮೂರು ಕೊಟ್ಟಿರಬಹುದು, ಆಟಗಳ ಲೋಕದಲ್ಲಿ ೬೦ ಎಂದರೆ ‘ಸಾಧಾರಣ’. ಅಲ್ಲಿ ೭೫ರಿಂದ ೮೯ರವರೆಗೆ ‘ಸಾಮಾನ್ಯವಾಗಿ ಅನುಕೂಲ’ ಎಂಬ ಹಸುರು ಗುರುತು, ೫೦ರಿಂದ ೭೪ ‘ಮಿಶ್ರ’. ಚಲನಚಿತ್ರಗಳಿಗಾದರೆ ೬೧ಕ್ಕೇ ಹಸುರು ದೊರೆಯುತ್ತದೆ! ಎಪ್ಪತ್ತು ಪಡೆದ ಚಲನಚಿತ್ರ ಉತ್ತೀರ್ಣ, ಎಪ್ಪತ್ತು ಪಡೆದ ಆಟ ತ್ರಿಶಂಕು. ಈ ಮಾಲಿಕೆ ‘ವಿ೨’ದಿಂದ ನಾಲ್ಕನೆಯದಕ್ಕೆ ಬರುವಾಗ ಏರಿದುದು ಹತ್ತು ಅಂಕಗಳಷ್ಟೇ ಆದರೂ ಆ ಎಪ್ಪತ್ತೈದರ ಗೆರೆ ನಡುವೆ ಬಂದುದರಿಂದ ಹಳದಿ ಹಸುರಾಯಿತು.

ಸರಾಸರಿ ಎಂಬುದು ಎಷ್ಟನ್ನು ನುಂಗಿಹಾಕುತ್ತದೆಂಬುದಕ್ಕೆ ನಾನೇ ಕಲ್ಪಿಸಿದ ಒಂದು ಉದಾಹರಣೆ ನೋಡಿರಿ. ಐವರು ವಿಮರ್ಶಕರು ಒಂದು ಆಟಕ್ಕೆ ೭೮, ೭೭, ೭೭, ೭೭, ೭೬ ಕೊಟ್ಟರು, ಸರಾಸರಿ ೭೭. ಇನ್ನೊಂದಕ್ಕೆ ೯೦, ೮೫, ೮೦, ೮೦, ೫೦ ಕೊಟ್ಟರು. ಇದರ ಸರಾಸರಿಯೂ ೭೭. ಮೊದಲನೆಯದು ಎಲ್ಲರಿಗೂ ಒಂದೇ ಬಗೆಯಾಗಿ ತೋರಿದ ಆಟ. ಎರಡನೆಯದು ನಾಲ್ವರನ್ನು ಮೆಚ್ಚಿಸಿ ಐದನೆಯವನಿಗೆ ವಾಕರಿಕೆ ತರಿಸಿದ ಆಟ. ಅಂಕಗಳನ್ನು ಕ್ರಮವಾಗಿ ನಿಲ್ಲಿಸಿ ನಡುವಿನದನ್ನು ಆರಿಸಿದರೆ, ಎಂದರೆ ಮಧ್ಯಾಂಕವನ್ನು ತೆಗೆದರೆ, ೮೦ ಬರುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಮೆಟಾಕ್ರಿಟಿಕ್ ಕೆಲವು ಪತ್ರಿಕೆಗಳ ಮಾತಿಗೆ ಹೆಚ್ಚು ತೂಕ ಕೊಡುತ್ತದೆ. ಯಾವುದಕ್ಕೆ ಎಷ್ಟೆಂಬುದನ್ನು ಹೊರಗೆ ಹೇಳುವುದಿಲ್ಲ. ಎರಡನೆಯ ಗುಂಪಿನಲ್ಲಿ ೫೦ ಕೊಟ್ಟವನ ಮಾತಿಗೆ ಇಮ್ಮಡಿ ತೂಕವಿದ್ದರೆ ಸರಾಸರಿ ೭೨.೫ಕ್ಕೆ ಇಳಿದು ಆಟ ‘ಮಿಶ್ರ’ವಾಗುತ್ತದೆ, ೯೦ ಕೊಟ್ಟವನಿಗೆ ಇಮ್ಮಡಿ ತೂಕವಿದ್ದರೆ ೭೯ನ್ನು ದಾಟಿ ‘ಅನುಕೂಲ’ವಾಗಿಯೇ ಉಳಿಯುತ್ತದೆ. ವಿಮರ್ಶೆಯ ಒಂದಕ್ಷರವೂ ಬದಲಾಗಿಲ್ಲ.

ಅಂಕದ ಈ ಚೆಲ್ಲಾಟ ಕೆಲವೊಮ್ಮೆ ಅನ್ನಕ್ಕೆ ತಗುಲುತ್ತದೆ. ೨೦೧೦ರಲ್ಲಿ ಹೊರಬಂದ ‘ಫಾಲ್‌ಔಟ್: ನ್ಯೂ ವೇಗಸ್’ ಎಂಬ ಆಟವನ್ನು ನಿರ್ಮಿಸಿದ ಅಬ್ಸಿಡಿಯನ್ ಸಂಸ್ಥೆಗೆ, ಮೆಟಾಕ್ರಿಟಿಕ್ಕಿನಲ್ಲಿ ೮೫ ಬಂದರೆ ಹೆಚ್ಚುವರಿ ಹಣವೆಂಬ ಕರಾರಿದ್ದಿತು, ಬಂದುದು ೮೪. ಹಣ ದೊರೆಯಲಿಲ್ಲವೆಂದು ಆ ಸಂಸ್ಥೆಯ ಹಿರಿಯರೊಬ್ಬರು ೨೦೧೨ರಲ್ಲಿ ಬಹಿರಂಗವಾಗಿ ಹೇಳಿದರು. ಅಳತೆಯ ಉಪಕರಣದ ದೋಷವೇ ಒಂದು ಅಂಕಕ್ಕಿಂತ ಹೆಚ್ಚಿರುವಲ್ಲಿ ಒಂದು ಅಂಕಕ್ಕೆ ಸಂಬಳ ಕಟ್ಟುವುದು ಯಾವ ಭೌತವಿಜ್ಞಾನಿಯೂ ಒಪ್ಪದ ಕೆಲಸ. ಯೂರೋಗೇಮರ್ ಎಂಬ ಪತ್ರಿಕೆ ೨೦೧೫ರಲ್ಲಿ ಅಂಕ ಕೊಡುವುದನ್ನೇ ನಿಲ್ಲಿಸಿ ‘ಶಿಫಾರಸು’, ‘ಬೇಡ’ ಎಂಬಂತಹ ಮಾತುಗಳನ್ನು ಬಳಸತೊಡಗಿತು. ಎಂಟು ವರ್ಷಗಳ ಮೇಲೆ, ೨೦೨೩ರಲ್ಲಿ, ನಕ್ಷತ್ರಗಳಿಗೆ ಮರಳಿತು. ಅವಸರದ ಓದುಗನಿಗೆ ಸಂಖ್ಯೆ ಬೇಕೇ ಬೇಕು.

‘ಸ್ನೈಪರ್ ಎಲೀಟ್ ೪’ಕ್ಕೆ ಪ್ರಕಾಶಕನ ಇಂತಹ ಕರಾರಿನ ಹಂಗಿರಲಿಲ್ಲ, ರೆಬೆಲಿಯನ್ ಅದನ್ನು ತಾನೇ ಪ್ರಕಟಿಸಿತು. ಮುಂದಿನ ಭಾಗ ೨೦೨೨ರ ಮೇ ೨೬ರಂದು ಬಂದಿತು. ಅದರ ರಂಗ ೧೯೪೪ರ ಫ್ರಾನ್ಸ್. ಅದರಲ್ಲಿ ಒಬ್ಬ ಆಟಗಾರನ ಕಥೆಯೊಳಕ್ಕೆ ಅಪರಿಚಿತನಾದ ಇನ್ನೊಬ್ಬ ಆಟಗಾರನು ಶತ್ರು ಗುರಿಕಾರನಾಗಿ ನುಸುಳಬಹುದು. ಬೇಟೆಯಾಡುವವನೇ ಬೇಟೆಯಾಗುವ ಈ ಏರ್ಪಾಡು ಅನೇಕ ವಿಮರ್ಶಕರಿಗೆ ಹಿಡಿಸಿತು. ಕಥೆ ಸಪ್ಪೆಯೆಂಬ ಹಳೆಯ ದೂರು ಹಾಗೆಯೇ ಉಳಿಯಿತು. ಅಂಕ ಮತ್ತೆ ಎಪ್ಪತ್ತು ಚಿಲ್ಲರೆ. ೨೦೨೫ರ ಜನವರಿಯಲ್ಲಿ ಬಂದ ‘ರೆಸಿಸ್ಟೆನ್ಸ್’ ಎಂಬ ಭಾಗದಲ್ಲಿ ನಾಯಕ ಬದಲಾದನು, ಕೋವಿ ಬದಲಾಗಲಿಲ್ಲ. ಹೊಸತೇನೂ ಹೆಚ್ಚಿಲ್ಲವೆಂದು ವಿಮರ್ಶಕರು ಬರೆದರು. ೮೦೦ ಮೀಟರಿನಾಚೆಯ ಗುರಿಗೆ ಈಗಲೂ ಆಕಾಶಕ್ಕೇ ಗುರಿಯಿಡಬೇಕು.